ಮಲೆನಾಡಿನ ಮಳೆಯಲ್ಲಿ ವೈರ್‌ಲೆಸ್ ಮೌಸ್: ದೀರ್ಘ ಬಳಕೆಯ ವಿಮರ್ಶೆ

ಸಾಗರದಲ್ಲಿ ನನ್ನದು ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ಕರಪತ್ರ, ಸಹಕಾರ ಸಂಘಗಳ ವಾರ್ಷಿಕ ವರದಿ ಹೀಗೆ ಕೆಲಸ. ಬೆಳಗ್ಗೆ ಕೂತರೆ ಸಂಜೆಯವರೆಗೂ ಮೌಸ್ ಕೈಯಲ್ಲೇ ಇರುತ್ತದೆ. ಆರುನೂರು ರೂಪಾಯಿ ಆಸುಪಾಸಿನ ವೈರ್‌ಲೆಸ್ ಮೌಸ್ ಒಂದನ್ನು ಕೆಲವು ವರ್ಷಗಳಿಂದ ಬಳಸುತ್ತಿದ್ದೇನೆ. 2.4 ಗಿಗಾಹರ್ಟ್ಸ್ ರೇಡಿಯೋ ಅಲೆಯಲ್ಲಿ ಕೆಲಸ ಮಾಡುವಂಥದ್ದು, ಒಂದು ಎಎ ಸೆಲ್, ಕಂಪ್ಯೂಟರಿನ ಯುಎಸ್‌ಬಿ ಪೋರ್ಟ್‌ಗೆ ಚುಚ್ಚುವ, ಕಿರುಬೆರಳ ಉಗುರಿನಷ್ಟು ರಿಸೀವರ್. ಈ ಬೆಲೆಯ ಹೆಚ್ಚಿನ ಮೌಸ್‌ಗಳ ಒಳಗಿರುವುದು ಇಷ್ಟೇ. ಹಾಗಾಗಿ ಕಂಪನಿ ಹೆಸರು ಬಿಟ್ಟಿದ್ದೇನೆ.

ಕೈಗೆ ಚೆನ್ನಾಗಿ ಕೂರುತ್ತದೆ, ಭಾರ ಇಲ್ಲ, ಸೆಲ್ ತಿಂಗಳುಗಟ್ಟಲೆ ಬರುತ್ತದೆ. ಇಷ್ಟು ಹೇಳಿದರೆ ಗುಣಗಾನ ಮುಗಿಯಿತು. ಜಾಸ್ತಿ ಹೇಳಬೇಕಾದ್ದು ಅದು ನಿಂತುಹೋದಾಗ ಏನು ಮಾಡಬೇಕು ಅನ್ನುವುದರ ಬಗ್ಗೆ. ಯಾಕಂದ್ರೆ ಕೆಡದೇ ಇರುವ ಮೌಸ್‌ಗಳನ್ನೇ ಜನ ಕಸಕ್ಕೆ ಎಸೆಯುತ್ತಾರೆ. ನೋಡಿದರೆ ಹೊಟ್ಟೆ ಉರಿಯುತ್ತದೆ.

ಮೊದಲು ಕಾಡಿದ್ದು ಕರ್ಸರ್ ತಡವರಿಸುವುದು. ಹೊಸ ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕ್ ತಂದ ಮೇಲೆ ಶುರುವಾಯಿತು. ಫೈಲ್ ಕಾಪಿ ಆಗುವಾಗಲೆಲ್ಲ ಕರ್ಸರ್ ಎಳೆದೆಳೆದು ಹೋಗುತ್ತಿತ್ತು, ಕಾಪಿ ಮುಗಿದರೆ ಸರಿಯಾಗುತ್ತಿತ್ತು. ಇದು ಮೌಸಿನ ತಪ್ಪಲ್ಲ. ಆ ಹಾರ್ಡ್‌ಡಿಸ್ಕ್ ಬಳಸುವ ವೇಗದ ಯುಎಸ್‌ಬಿ 3.0 ಕೆಲಸ ಮಾಡುವಾಗ ಹೊಮ್ಮುವ ರೇಡಿಯೋ ಗದ್ದಲ 2.4 ಗಿಗಾಹರ್ಟ್ಸ್ ಸುತ್ತಲೂ ಬೀಳುತ್ತದೆ. ಚಿಪ್ ತಯಾರಿಸುವ ಇಂಟೆಲ್ ಕಂಪನಿ 2012ರಲ್ಲೇ ಇದರ ಬಗ್ಗೆ ವರದಿ ಪ್ರಕಟಿಸಿದೆ. ನನ್ನ ರಿಸೀವರ್ ಹಾರ್ಡ್‌ಡಿಸ್ಕಿನ ಪಕ್ಕದ ನೀಲಿ ಪೋರ್ಟ್‌ನಲ್ಲೇ ಇತ್ತು. ಒಂದು ಸಣ್ಣ ಯುಎಸ್‌ಬಿ ಎಕ್ಸ್‌ಟೆನ್ಶನ್ ಕೇಬಲ್ ತಂದು ರಿಸೀವರನ್ನು ಮೇಜಿನ ಮೇಲಕ್ಕೆ ಎಳೆದುಕೊಂಡೆ. ಆಮೇಲೆ ಆ ತೊಂದರೆ ಬಂದಿಲ್ಲ. ಸಿಪಿಯು ಹಿಂದೆ, ತಗಡಿನ ಮರೆಯಲ್ಲಿ ರಿಸೀವರ್ ಚುಚ್ಚಿದವರು ಕನಿಷ್ಠ ಮುಂದಿನ ಪೋರ್ಟ್‌ಗಾದರೂ ಬದಲಿಸಿ ನೋಡಿ.

ಪೂರ್ತಿ ನಿಂತುಹೋಗಿದ್ದು ಒಂದು ಆಷಾಢದಲ್ಲಿ. ನಮ್ಮ ಕಡೆ ಆ ದಿನಗಳಲ್ಲಿ ಕಾಗದವೂ ಮೆತ್ತಗಾಗುತ್ತದೆ. ಹೊಸ ಸೆಲ್ ಹಾಕಿದರೂ ಮೌಸ್ ಏಳಲಿಲ್ಲ. ಸೆಲ್ ತೆಗೆದು ಫೋನಿನ ಟಾರ್ಚ್ ಹಿಡಿದು ನೋಡಿದೆ. ಸ್ಪ್ರಿಂಗಿನ ತುದಿಯ ಸುತ್ತ ಬಿಳಿ ಪುಡಿ ಕಟ್ಟಿತ್ತು, ಅದರ ಅಡಿಯಲ್ಲಿ ಹಸಿರು ಕಿಲುಬು. ಹಳೇ ಆಲ್ಕಲೈನ್ ಸೆಲ್ ಸೋರಿತ್ತು. ಆ ಪುಡಿ ಕ್ಷಾರ, ಬರಿಗೈಯಲ್ಲಿ ಮುಟ್ಟಬಾರದು. ಕಿವಿಗೆ ಹಾಕುವ ಹತ್ತಿಕಡ್ಡಿಯನ್ನು ನಿಂಬೆರಸದಲ್ಲಿ ಸ್ವಲ್ಪವೇ ಅದ್ದಿ ಉಜ್ಜಿದೆ. ಚುರ್ ಅಂತ ನೊರೆ ಬಂತು. ಒದ್ದೆ ಬಟ್ಟೆಯಿಂದ ಒರೆಸಿ, ಚೆನ್ನಾಗಿ ಒಣಗಲು ಬಿಟ್ಟೆ. ಕೊನೆಗೆ ಉಗುರು ತಿಕ್ಕುವ ಅರದಿಂದ ಸ್ಪ್ರಿಂಗಿನ ತುದಿಯನ್ನು ಲೋಹ ಹೊಳೆಯುವವರೆಗೆ ಹಗುರಾಗಿ ಕೆರೆದೆ. ಸೆಲ್ ಹಾಕಿದ ತಕ್ಷಣ ಕರ್ಸರ್ ಓಡಿತು. ಈಗ ಮಳೆಗಾಲದಲ್ಲಿ ಎರಡು ದಿನಕ್ಕಿಂತ ಹೆಚ್ಚು ಅಂಗಡಿ ಮುಚ್ಚುವುದಿದ್ದರೆ ಸೆಲ್ ತೆಗೆದಿಟ್ಟೇ ಹೋಗುತ್ತೇನೆ.

ಇನ್ನೊಂದು ಮಾತು. ಅಡಿಯಲ್ಲಿ ಕೆಂಪು ಬೆಳಕು ಕಾಣಲಿಲ್ಲ ಅಂದ ಮಾತ್ರಕ್ಕೆ ಮೌಸ್ ಸತ್ತಿದೆ ಅಂದುಕೊಳ್ಳಬೇಡಿ. ಅನೇಕ ಮೌಸ್‌ಗಳಲ್ಲಿ ಈಗ ಇನ್‌ಫ್ರಾರೆಡ್ ಬೆಳಕು ಇರುತ್ತದೆ, ಅದು ಕಣ್ಣಿಗೆ ಕಾಣದು. ಕೆಲವು ಫೋನ್ ಕ್ಯಾಮೆರಾದಲ್ಲಿ ನೋಡಿದರೆ ನೇರಳೆ ಚುಕ್ಕೆ ಕಾಣುತ್ತದೆ. ಚುಕ್ಕೆ ಇದ್ದರೆ ಮೌಸಿಗೆ ಕರೆಂಟ್ ಬರುತ್ತಿದೆ, ಹುಡುಕಬೇಕಾದ್ದು ರಿಸೀವರ್ ಕಡೆ. ಗಾಜಿನ ಮೇಜಾದರೆ ಸುಮ್ನೆ ಒಂದು ಕಾಗದ ಹಾಸಿ ನೋಡಿ. ಮೇಲ್ಮೈಯ ಗೆರೆ, ಉಬ್ಬುತಗ್ಗು ಕಂಡರೆ ಮಾತ್ರ ಸೆನ್ಸರಿಗೆ ಚಲನೆ ತಿಳಿಯುತ್ತದೆ, ಬರೀ ಗಾಜಿನಲ್ಲಿ ಅದಕ್ಕೆ ಏನೂ ಸಿಗುವುದಿಲ್ಲ.

ಸ್ವಲ್ಪ ಹೊತ್ತು ಬಿಟ್ಟು ಬಂದಾಗ ಮೌಸ್ ಎಚ್ಚರವಾಗದಿದ್ದರೆ, ಕಂಪ್ಯೂಟರ್ ಕರೆಂಟ್ ಉಳಿಸಲು ಆ ಯುಎಸ್‌ಬಿ ಪೋರ್ಟನ್ನೇ ಮಲಗಿಸಿರಬಹುದು. ಮೌಸ್ ಇಲ್ಲದೆಯೂ ಇದನ್ನು ಸರಿಮಾಡಬಹುದು. ವಿಂಡೋಸ್ ಕೀ ಮತ್ತು ಎಕ್ಸ್ ಒತ್ತಿ, ಆಮೇಲೆ ಎಂ ಒತ್ತಿದರೆ ಡಿವೈಸ್ ಮ್ಯಾನೇಜರ್ ತೆರೆಯುತ್ತದೆ. ಟ್ಯಾಬ್, ಬಾಣದ ಕೀಗಳಲ್ಲಿ ಇಳಿದು ಯುಎಸ್‌ಬಿ ರೂಟ್ ಹಬ್‌ಗೆ ಹೋಗಿ ಎಂಟರ್ ಒತ್ತಿ, ಪವರ್ ಮ್ಯಾನೇಜ್‌ಮೆಂಟ್‌ನಲ್ಲಿ ಕರೆಂಟ್ ಉಳಿಸಲು ಪೋರ್ಟ್ ಮಲಗಿಸಲು ಬಿಡುವ ಟಿಕ್ ತೆಗೆಯಿರಿ. ಸ್ಪೇಸ್ ಬಾರ್ ಸಾಕು.

ಈಗ ನಿಜವಾದ ದೋಷ. ಎಡಗಡೆ ಬಟನ್ ಸವೆದು, ಒಮ್ಮೆ ಒತ್ತಿದರೆ ಎರಡು ಕ್ಲಿಕ್ ಆಗತೊಡಗಿತು. ಸಾಲು ಸೆಲೆಕ್ಟ್ ಮಾಡಿ ಎಳೆಯುವಾಗ ನಡುವೆ ಕೈತಪ್ಪುತ್ತದೆ. ಪುಟ ಕಟ್ಟುವವರಿಗೆ ಇದು ಸಹಿಸಲಾಗದ ಕಾಟ. ಬಟನ್ ಅಡಿಯ ಮೈಕ್ರೋ ಸ್ವಿಚ್ಚಿನೊಳಗಿನ ತೆಳು ತಗಡು ಸವೆದರೆ ಹೀಗಾಗುತ್ತದೆ, ಯಾವ ಸೆಟ್ಟಿಂಗೂ ಅದನ್ನು ಗುಣಮಾಡದು. ಮೊಬೈಲ್ ರಿಪೇರಿ ಮಾಡುವ ಪಕ್ಕದ ಹುಡುಗನಿಗೆ ಕೊಟ್ಟೆ. "ಅಣ್ಣ, ಬಲಗಡೆ ಸ್ವಿಚ್ಚು ಸವೆದೇ ಇಲ್ಲ, ಅದೂ ಇದೂ ಒಂದೇ, ಅದಲುಬದಲು ಮಾಡ್ಲಾ?" ಅಂದ. ಹಾಗೇ ಮಾಡಿಸಿದೆ. ಬೆಸುಗೆಯ ಕೂಲಿ ಮಾತ್ರ ಕೊಟ್ಟೆ. ಈಗಲೂ ಅದರಲ್ಲೇ ಕೆಲಸ ನಡೆಯುತ್ತಿದೆ. ವಾರಂಟಿ ಇದ್ದರೆ ಮಾತ್ರ ಬಿಚ್ಚಬೇಡಿ, ಮೊದಲು ಬಿಲ್ ಹುಡುಕಿ.

ಅಂಕ ಕೊಡುವುದಾದರೆ ಐದಕ್ಕೆ ನಾಲ್ಕು. ಕಳೆದ ಒಂದು ಅಂಕ ರಿಸೀವರಿನ ಲೆಕ್ಕಕ್ಕೆ. ಈ ಮೌಸ್ ತನ್ನ ಜೊತೆ ಬಂದ ರಿಸೀವರ್ ಬಿಟ್ಟು ಬೇರೆ ಯಾವುದಕ್ಕೂ ಜೋಡಿಯಾಗುವುದಿಲ್ಲ. ಅದು ಕಳೆದರೆ ಇಡೀ ಮೌಸ್ ವ್ಯರ್ಥ. ಲಾಜಿಟೆಕ್ ಕಂಪನಿಯ ಯೂನಿಫೈಯಿಂಗ್ ಥರದ, ಕಿತ್ತಳೆ ಗುರುತಿನ ರಿಸೀವರ್ ಇದ್ದರೆ ಬೇರೊಂದು ಕೊಂಡು ಜೋಡಿಸಬಹುದು. ಮುಂದಿನ ಸಲ ಅಂಗಡಿಯಲ್ಲಿ ನಾನು ಮೊದಲು ಕೇಳುವುದು ಅದನ್ನೇ.