ಮೀಟಿಂಗ್ ರಿಜಿಸ್ಟರ್ ಜೊತೆಗೆ ಒಯ್ಯಿರಿ: ಬಳ್ಳಾರಿಯಲ್ಲಿ ನಡೆದ ಲೀಡರ್‌ಶಿಪ್ ತರಬೇತಿ ಬಗ್ಗೆ

ಮೆಡಿಕಲ್ ಕಾಲೇಜಿನಲ್ಲಿ ಪಾಠ ಮಾಡುವವರಿಗೆ ಅಂತ ಬಳ್ಳಾರಿಯಲ್ಲಿ ಎರಡು ದಿನದ ಲೀಡರ್‌ಶಿಪ್ ತರಬೇತಿ ನಡೆಯಿತು. ಎಲ್ಲರನ್ನೂ ಜೊತೆಗೆ ಕರೆದುಕೊಂಡು ಹೋಗುವುದು ಹೇಗೆ ಅನ್ನೋದೂ ಅದರಲ್ಲೇ ಸೇರಿತ್ತು. ಮುಂದಿನ ಬ್ಯಾಚಿಗೆ ಹೋಗಬೇಕಾ ಬೇಡವಾ ಅಂತ ಮೂರ್ನಾಲ್ಕು ಜನ ಕೇಳಿದ್ದಾರೆ. ಹೋಗಿ. ರಜೆ ಹಾಕಿಯಾದರೂ ಹೋಗಿ. ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತೇನೆ, ಒಂದು ಯಾಕೆ ಕಡಿಮೆ ಅಂತ ಮುಂದೆ ಹೇಳುತ್ತೇನೆ.

ನಾನು ಈ ಕಡೆಯ ಒಂದು ಕಾಲೇಜಿನಲ್ಲಿ ಹದಿನಾಲ್ಕು ವರ್ಷದಿಂದ ಫಿಸಿಯಾಲಜಿ ಕಲಿಸುತ್ತಿದ್ದೇನೆ. ತರಬೇತಿ ಕೊಟ್ಟಿದ್ದು ಬೆಂಗಳೂರಿನಿಂದ ಬಂದ ಸಣ್ಣ ತಂಡ, ಮೂವರೇ ಜನ. ಅವರ ಹೆಸರು ಇಲ್ಲಿ ಹಾಕುತ್ತಿಲ್ಲ, ಯಾಕಂದ್ರೆ ಆ ಹಾಲ್‌ನಲ್ಲಿ ತುಂಬಾ ಜನ ಮನಸ್ಸು ಬಿಚ್ಚಿ ಮಾತಾಡಿದ್ದಾರೆ, ಅವರ ಗುರುತು ಯಾರಿಗೂ ಸಿಗಬಾರದು. ಫೀಸು ತಲೆಗೆ 4,500 ರೂಪಾಯಿ, ಊಟ ಟೀ ಸೇರಿ. ಕಾಲೇಜು ಕೊಡಲಿಲ್ಲ, ಕೈಯಿಂದಲೇ ಕಟ್ಟಿದೆ.

ಇಷ್ಟು ದುಡ್ಡು ಕೊಟ್ಟು ಯಾಕೆ ಹೋದೆ ಅಂದರೆ, ನಮಗೆ ಇದನ್ನು ಯಾರೂ ಯಾವತ್ತೂ ಕಲಿಸಿಲ್ಲ. ಪ್ರಮೋಷನ್ ಬೇಕಾದರೆ ಮೆಡಿಕಲ್ ಎಜುಕೇಶನ್ ಬೇಸಿಕ್ ಕೋರ್ಸ್ ಮಾಡಿರಬೇಕು, ಬಯೋಮೆಡಿಕಲ್ ರಿಸರ್ಚ್ ಕೋರ್ಸ್ ಮಾಡಿರಬೇಕು ಅಂತ ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ತಂದ ನಿಯಮದಲ್ಲಿತ್ತು. ಎರಡೂ ಮಾಡಿದ್ದೇನೆ. ಪ್ರಶ್ನೆಪತ್ರಿಕೆ ತೆಗೆಯೋದು, ಓಎಸ್‌ಸಿಇ ಅನ್ನೋ ಪ್ರಾಯೋಗಿಕ ಪರೀಕ್ಷೆ ನಡೆಸೋದು ಎಲ್ಲ ಅಲ್ಲಿ ಚೆನ್ನಾಗಿ ಹೇಳಿಕೊಡುತ್ತಾರೆ. 2019ರಲ್ಲಿ ಹೊಸ ಪಠ್ಯಕ್ರಮ ಬಂದಾಗ ರೋಗಿಯ ಜೊತೆ ಹೇಗೆ ಮಾತಾಡಬೇಕು, ಹೇಗೆ ಕೇಳಿಸಿಕೊಳ್ಳಬೇಕು ಅನ್ನೋದಕ್ಕೆ ಏಟ್‌ಕಾಮ್ ಅಂತ ಬೇರೆ ಕ್ಲಾಸೇ ಬಂತು. ಹುಡುಗರಿಗೆ ಅದನ್ನು ಕಲಿಸುವ ನಾವು ನಮ್ಮ ಡಿಪಾರ್ಟ್‌ಮೆಂಟಿನ ಕಿರಿಯ ಬೋಧಕರಾದ ಟ್ಯೂಟರ್ ಜೊತೆ, ಅಟೆಂಡರ್ ಜೊತೆ, ಹೊಸದಾಗಿ ಸೇರಿದ ಅಸಿಸ್ಟೆಂಟ್ ಪ್ರೊಫೆಸರ್ ಜೊತೆ ಹೇಗೆ ಮಾತಾಡುತ್ತೇವೆ ಅನ್ನೋದಕ್ಕೆ ಮಾತ್ರ ಯಾವ ಕ್ಲಾಸೂ ಇಲ್ಲ. ಸೀನಿಯಾರಿಟಿ ಬಂತು ಅಂದರೆ ಡಿಪಾರ್ಟ್‌ಮೆಂಟ್ ಕೈಗೆ ಬಂತು, ಅಷ್ಟೇ.

ಮೊದಲ ದಿನ ಬೆಳಿಗ್ಗೆ ಬೇಜಾರಾಯಿತು. ಲೀಡರ್ ಅಂದರೆ ಯಾರು, ಎಷ್ಟು ಥರ ಅಂತ ಸ್ಲೈಡ್ ಮೇಲೆ ಸ್ಲೈಡ್. ಉದಾಹರಣೆಯೆಲ್ಲ ಕಂಪನಿಗಳದ್ದು. ಆ ಎರಡು ಗಂಟೆ ತೆಗೆದುಹಾಕಿದರೂ ಏನೂ ನಷ್ಟ ಇಲ್ಲ.

ಊಟ ಆದಮೇಲೆ ತರಬೇತಿಯ ದಿಕ್ಕೇ ಬದಲಾಯಿತು. ಡಿಪಾರ್ಟ್‌ಮೆಂಟಿನ ಮೀಟಿಂಗ್ ರಿಜಿಸ್ಟರ್‌ನ ಆರು ತಿಂಗಳ ಪುಟಗಳನ್ನು ಫೋಟೋ ತೆಗೆದುಕೊಂಡು ಬನ್ನಿ ಅಂತ ಮೊದಲೇ ಮೆಸೇಜ್ ಕಳಿಸಿದ್ದರು. ತಂದವರು ಅರ್ಧಕ್ಕರ್ಧ ಜನ ಮಾತ್ರ. ಎಲ್ಲರಿಗೂ ಒಂದು ಕೆಂಪು ಪೆನ್ನು, ಒಂದು ನೀಲಿ ಪೆನ್ನು ಕೊಟ್ಟರು. ಹೊರಗಿನವರ ಕಣ್ಣಿಗೆ ಬೀಳುವ, ನಾಳೆ ಪ್ರಮೋಷನ್ ಫೈಲಿನಲ್ಲಿ ತೋರಿಸಬಹುದಾದ ಕೆಲಸಕ್ಕೆ ಕೆಂಪು: ಬೇರೆ ಕಾಲೇಜಿಗೆ ಪರೀಕ್ಷಕರಾಗಿ ಹೋಗೋದು, ಖರೀದಿ ಸಮಿತಿ, ರಿಸರ್ಚ್ ಪ್ರಾಜೆಕ್ಟ್. ಮಾಡಿದರೂ ಯಾರಿಗೂ ಗೊತ್ತಾಗದ ಕೆಲಸಕ್ಕೆ ನೀಲಿ: ಹಾಜರಾತಿ ತುಂಬೋದು, ಇಂಟರ್ನಲ್ ಮಾರ್ಕ್ಸ್ ಏರಿಸೋದು, ಇನ್‌ಸ್ಪೆಕ್ಷನ್ ಫೈಲ್ ಜೋಡಿಸೋದು, ಅತಿಥಿ ಬಂದರೆ ಹೂಗುಚ್ಛ ಕೊಡೋದು, ಕಾರ್ಯಕ್ರಮದ ನಿರೂಪಣೆ. ಯಾರ ಹೆಸರ ಮುಂದೆ ಯಾವ ಬಣ್ಣ ಎಷ್ಟು ಸಲ ಬಂತು ಅಂತ ಎಣಿಸಿ ಅಂದರು.

ನನ್ನ ಹತ್ತಿರ 11 ಸಭೆಗಳ ಪುಟ ಇದ್ದವು. ಹಂಚಿದ ಕೆಲಸ ಒಟ್ಟು 46. ಅದರಲ್ಲಿ 13 ಸಲ ಒಬ್ಬರೇ ಟ್ಯೂಟರ್ ಹೆಸರು, ಹದಿಮೂರೂ ನೀಲಿ. ಆಮೇಲೆ 'ಸೂಚಿಸಿದವರು' ಅನ್ನೋ ಕಾಲಂ ನೋಡಿದೆ. ಒಂಬತ್ತು ಕಡೆ ನನ್ನ ಸಹಿ ಇತ್ತು. ಅವರು ಅಚ್ಚುಕಟ್ಟಾಗಿ ಮಾಡುತ್ತಾರೆ, ನಂಬಿ ಕೊಡಬಹುದು ಅಂತಲೇ ನಾನು ಅವರ ಹೆಸರು ಹೇಳುತ್ತಿದ್ದೆ. ಅವಕಾಶ ಕೊಡುತ್ತಿದ್ದೇನೆ ಅಂದುಕೊಂಡಿದ್ದೆ. ಪ್ರತಿ ಪುಟದ ಕೊನೆಗೆ 'ಎಲ್ಲರೂ ಒಪ್ಪಿದರು' ಅಂತ ಒಂದೇ ಸಾಲು, ಹನ್ನೊಂದು ಸಲ. ಆ ಹುಡುಗಿ ಹನ್ನೊಂದು ಸಭೆಯಲ್ಲಿ ಒಂದು ಸಲವೂ ಬಾಯಿ ಬಿಟ್ಟಿದ್ದು ನನಗೆ ನೆನಪಿಲ್ಲ. ಪೆನ್ನು ಕೆಳಗಿಟ್ಟು ಸುಮ್ನೆ ಕೂತೆ.

ಪಕ್ಕದಲ್ಲಿದ್ದ ಕೊಪ್ಪಳದ ಸರ್ಜನ್ ಒಬ್ಬರದ್ದೂ ಹತ್ತಿರ ಹತ್ತಿರ ಇದೇ ಲೆಕ್ಕ. "ಮೇಡಂ, ನಮ್ಮಲ್ಲಿ ಖರೀದಿ ಸಮಿತಿಯಲ್ಲಿ ಒಬ್ಬ ಹೆಣ್ಣುಮಗಳೂ ಇಲ್ಲ, ಸಾಂಸ್ಕೃತಿಕ ಸಮಿತಿಯಲ್ಲಿ ಒಬ್ಬ ಗಂಡಸೂ ಇಲ್ಲ" ಅಂತ ಅವರೇ ಎದ್ದು ನಿಂತು ಹೇಳಿದರು. ಯಾರೂ ಬೇಕು ಅಂತ ಮಾಡಿದ್ದಲ್ಲ, ಆದರೆ ಆಗಿದೆ. ಭಾಷಣ ಮಾಡಿ ಹೇಳಿದ್ದರೆ ನಾವೆಲ್ಲ ತಲೆ ಆಡಿಸಿ ಟೀ ಕುಡಿದು ಬರುತ್ತಿದ್ದೆವು. ನಮ್ಮದೇ ಕೈಬರಹ ಕಣ್ಣೆದುರಿಗೆ ಇದ್ದಾಗ ವಾದ ಮಾಡೋಕೆ ಏನೂ ಉಳಿಯಲ್ಲ ಅಲ್ವಾ.

ಎರಡನೇ ದಿನದ ಮಾತು ಶುರುವಾಗಿದ್ದು 371ಜೆ ಇಂದ, ಅಂದರೆ ನಮ್ಮ ಕಲ್ಯಾಣ ಕರ್ನಾಟಕದವರಿಗೆ ಮೀಸಲಾತಿ ಕೊಡುವ ಸಂವಿಧಾನದ ವಿಧಿಯಿಂದ. ಇಲ್ಲಿ ತಂಡದವರ ತಪ್ಪೂ ಇದೆ, ದೊಡ್ಡತನವೂ ಇದೆ. ಜಾತಿ, ಲಿಂಗ, ಭಾಷೆ ಅಂತ ಪಟ್ಟಿ ಹಾಕಿಕೊಂಡು ಬಂದಿದ್ದರು, ನಮ್ಮ ಸ್ಟಾಫ್‌ರೂಮಿನಲ್ಲಿ ದಿನಾ ಕಿವಿಗೆ ಬೀಳುವ ಮಾತು ಅದರಲ್ಲಿರಲೇ ಇಲ್ಲ. ರಾಯಚೂರಿನಿಂದ ಬಂದಿದ್ದ ಒಬ್ಬರು ಕೈ ಎತ್ತಿದರು. ಬೆಳಿಗ್ಗೆ ಐದಕ್ಕೆ ಬಿಟ್ಟು ಸಿಂಧನೂರು, ಸಿರುಗುಪ್ಪ ದಾಟಿ ಬಂದವರು. "ಇವನು 371ಜೆ ಹುಡುಗ ಅಂತ ವೈವಾದಲ್ಲಿ ಕೂತ ಪರೀಕ್ಷಕರೇ ಅಂತಾರೆ, ನಾನು ಸ್ಟೂಡೆಂಟ್ ಆಗಿದ್ದಾಗ ಹಳ್ಳಿಯವನು ಅಂತಿದ್ರು, ಈಗ ಹೆಸರು ಬದಲಾಗಿದೆ ಅಷ್ಟೇ" ಅಂದರು. ತರಬೇತುದಾರರಿಗೆ ವಿಷಯ ಪೂರ್ತಿ ಗೊತ್ತಿರಲಿಲ್ಲ. ಗೊತ್ತಿದೆ ಅಂತ ತೋರಿಸಿಕೊಳ್ಳದೆ ಮೈಕ್ ಅವರ ಕೈಗೇ ಕೊಟ್ಟು ಕೂತುಕೊಂಡರು.

ಅವರು ಬೋರ್ಡಿನ ಮುಂದೆ ನಿಂತು ವಿವರಿಸಿದರು. ಸಂವಿಧಾನದ 98ನೇ ತಿದ್ದುಪಡಿ, ಜಾರಿಗೆ ಬಂದಿದ್ದು 2013. ಈ ಭಾಗದ ಕಾಲೇಜುಗಳಲ್ಲಿ ರಾಜ್ಯದ ಕೈಯಲ್ಲಿರುವ ಸೀಟುಗಳಲ್ಲಿ ಶೇ 70 ಇಲ್ಲಿಯವರಿಗೆ, ಬೇರೆ ಕಡೆ ಶೇ 8. ಯಾಕೆ ಕೊಟ್ಟರು ಅನ್ನೋದನ್ನೂ ಹೇಳಿದರು. ಬಳ್ಳಾರಿಯಲ್ಲಿ ಮೆಡಿಕಲ್ ಕಾಲೇಜು 1961ರಲ್ಲೇ ಬಂದಿತ್ತು, ರಾಯಚೂರಿಗೆ ಸರ್ಕಾರಿ ಮೆಡಿಕಲ್ ಕಾಲೇಜು ಬರೋಕೆ 2007 ಆಯಿತು, ಕೊಪ್ಪಳಕ್ಕೆ 2015. ಅಷ್ಟು ವರ್ಷ ಈ ಕಡೆಯ ಎಷ್ಟು ಮಕ್ಕಳು ದೂರದ ಊರಿಗೆ ಹೋಗಲಾರದೆ ಓದು ಬಿಟ್ಟಿರಬಹುದು ಅಂತ ಕೇಳಿದರು. ಹಾಲ್ ಪೂರ್ತಿ ಸ್ತಬ್ಧ. ಕನ್ನಡ ಮೀಡಿಯಂನಲ್ಲಿ ಓದಿ ಬಂದ ನನಗೆ ಮೊದಲ ವರ್ಷದ ಅನಾಟಮಿ ಕ್ಲಾಸು ನೆನಪಾಯಿತು. ಉತ್ತರ ಗೊತ್ತಿದ್ದರೂ ಇಂಗ್ಲಿಷ್ ತಪ್ಪಾದರೆ ಅಂತ ಕೈ ಎತ್ತದೆ ಕೂತಿದ್ದೆ, ವರ್ಷಪೂರ್ತಿ.

ಅಂಗವೈಕಲ್ಯದ ಬಗ್ಗೆ ಇದ್ದ ಕ್ಲಾಸು ಚಿಕ್ಕದು, ಆದರೆ ಗಟ್ಟಿ. 2016ರ ಕಾಯ್ದೆ 21 ಬಗೆಯ ಅಂಗವೈಕಲ್ಯ ಗುರುತಿಸುತ್ತದೆ, ಉನ್ನತ ಶಿಕ್ಷಣದಲ್ಲಿ ಶೇ 5 ಸೀಟು ಇಡುತ್ತದೆ. ಶೇ 40 ಅಂಗವೈಕಲ್ಯ ಇದೆ ಅನ್ನೋ ಒಂದೇ ಕಾರಣಕ್ಕೆ ಎಂಬಿಬಿಎಸ್ ಸೀಟು ನಿರಾಕರಿಸುವಂತಿಲ್ಲ, ಓದಲು ಆಗುತ್ತಾ ಇಲ್ಲವಾ ಅಂತ ಪರೀಕ್ಷಿಸಿ ನೋಡಬೇಕು ಅಂತ ಸುಪ್ರೀಂ ಕೋರ್ಟ್ 2024ರ ಅಕ್ಟೋಬರ್‌ನಲ್ಲಿ ಹೇಳಿದೆ. ಅಂದರೆ ಆ ಮಕ್ಕಳು ಬರುತ್ತಾರೆ. ಕಾಲಿಗೆ ಕ್ಯಾಲಿಪರ್ ಹಾಕಿಕೊಳ್ಳುವ ಒಬ್ಬ ಮೇಷ್ಟ್ರು ನಮ್ಮ ಗುಂಪಿನಲ್ಲಿದ್ದರು. ಅವರ ಕಾಲೇಜಿನಲ್ಲಿ ಸ್ಕಿಲ್ಸ್ ಲ್ಯಾಬ್ ಎರಡನೇ ಮಹಡಿಯಲ್ಲಿದೆ, ಲಿಫ್ಟ್ ಇಲ್ಲ, 38 ಮೆಟ್ಟಿಲು. ಪ್ರತಿ ಮೆಟ್ಟಿಲೂ ಅವರಿಗೆ ಬಾಯಿಪಾಠ. ಎಂಟನೆಯದು ಸ್ವಲ್ಪ ಎತ್ತರ, ಅಲ್ಲಿ ಗೋಡೆ ಹಿಡಿದುಕೊಳ್ಳಬೇಕು ಅಂದರು. ಆ ಮಹಡಿಯ ಕ್ಲಾಸುಗಳನ್ನು ಇವರಿಗೆ ಹಾಕುವ ಮುಂಚೆ ಆರು ವರ್ಷದಲ್ಲಿ ಯಾರೂ ಒಂದು ಮಾತು ಕೇಳಿಲ್ಲ.

ಕೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ಬಗ್ಗೆ ಮುಕ್ಕಾಲು ಗಂಟೆ ಇತ್ತು. ಕಾಯ್ದೆ ಓದಿ ಹೇಳಿದರು, ಅಷ್ಟೇ. ದೂರು ಕೊಟ್ಟವರ ಜೊತೆ ಮರುದಿನದಿಂದ ಅದೇ ಡಿಪಾರ್ಟ್‌ಮೆಂಟಿನಲ್ಲಿ ಹೇಗೆ ನಡೆದುಕೊಳ್ಳಬೇಕು ಅನ್ನೋದು ಬರಲೇ ಇಲ್ಲ. ಬರಬೇಕಿತ್ತು.

ಕೊನೆಯಲ್ಲಿ ಎಲ್ಲರೂ ತಮ್ಮ ಕಾಲೇಜಿನಲ್ಲಿ ಮಾಡಬೇಕಾದ ಒಂದು ಕೆಲಸ ಬರೆದುಕೊಡಬೇಕು. ಇದು ಅವರು ಹೊಸದಾಗಿ ಕಂಡುಹಿಡಿದಿದ್ದಲ್ಲ. ಅಮೆರಿಕದಲ್ಲಿ ಮೆಡಿಕಲ್ ಕಾಲೇಜಿನಲ್ಲಿ ಪಾಠ ಮಾಡುವ ಹೆಣ್ಣುಮಕ್ಕಳಿಗಾಗಿ 1995ರಲ್ಲಿ ಶುರುವಾದ ಈಲ್ಯಾಮ್ ಅನ್ನೋ ಒಂದು ವರ್ಷದ ತರಬೇತಿಯಲ್ಲಿ ಇದೇ ಕ್ರಮ, ಈಗ ಅದು ಫಿಲಡೆಲ್ಫಿಯಾದ ಡ್ರೆಕ್ಸೆಲ್ ವಿಶ್ವವಿದ್ಯಾಲಯದಲ್ಲಿದೆ. ನಮ್ಮ ಆನಂದಿಬಾಯಿ ಜೋಶಿ 1886ರಲ್ಲಿ ಡಾಕ್ಟರ್ ಆಗಿದ್ದು ಅದೇ ಊರಿನ ಹೆಣ್ಣುಮಕ್ಕಳ ಮೆಡಿಕಲ್ ಕಾಲೇಜಿನಲ್ಲಿ, ಆ ಕಾಲೇಜಿನ ಬಳ್ಳಿಯೇ ಮುಂದೆ ಡ್ರೆಕ್ಸೆಲ್‌ಗೆ ಸೇರಿದ್ದು ಅಂತ ಕೇಳಿ ನನಗೆ ಮೈ ಜುಂ ಅಂತು. ಕೊಯಮತ್ತೂರಿನ ಪಿಎಸ್‌ಜಿ, ಲುಧಿಯಾನದ ಸಿಎಂಸಿಯಲ್ಲಿ ಮೆಡಿಕಲ್ ಕಾಲೇಜಿನ ಮೇಷ್ಟ್ರುಗಳಿಗಾಗಿ ನಡೆದ ಫೈಮರ್ ಫೆಲೋಶಿಪ್‌ನಲ್ಲೂ ಹೀಗೆಯೇ, ಎರಡು ವರ್ಷ, ಸ್ವಂತ ಕಾಲೇಜಿನಲ್ಲಿ ಒಂದು ಪ್ರಾಜೆಕ್ಟ್ ಕಡ್ಡಾಯ. ಅಲ್ಲಿಗೆಲ್ಲ ಹೋಗಲಾಗದವರಿಗೆ ಮನೆ ಹತ್ತಿರ ಎರಡು ದಿನದಲ್ಲಿ ಇಷ್ಟು ಸಿಕ್ಕಿದ್ದು ಸಣ್ಣದಲ್ಲ.

ಈಗ ಆ ಒಂದು ಸ್ಟಾರ್ ವಿಷಯ. ಪೂರ್ತಿ ತರಬೇತಿ ಇಂಗ್ಲಿಷ್‌ನಲ್ಲಿ. ಜನ ನಿಜವಾಗಿ ಮಾತಾಡಿದ್ದು ಕನ್ನಡದಲ್ಲಿ, ಅಲ್ಲಲ್ಲಿ ತೆಲುಗಿನಲ್ಲಿ, ಅದೂ ಸಾಯಂಕಾಲ ಒಗ್ಗರಣೆ ಮಿರ್ಚಿ ತಟ್ಟೆ ಕೈಗೆ ಬಂದಮೇಲೆ. ಆ ಮಾತು ಹಾಲ್ ಒಳಗೆ ಬರಬೇಕಿತ್ತು. ಟ್ಯೂಟರ್‌ಗಳನ್ನು, ನರ್ಸಿಂಗ್ ಕಾಲೇಜಿನವರನ್ನು ಕರೆದಿರಲಿಲ್ಲ, ನೀಲಿ ಕೆಲಸ ಜಾಸ್ತಿ ಬೀಳೋದು ಅವರ ಮೇಲೆಯೇ. ಶನಿವಾರ ಭಾನುವಾರ ಸಂಜೆ ಆರೂವರೆವರೆಗೆ ಇಟ್ಟಿದ್ದರಿಂದ ಸಣ್ಣ ಮಗು ಇರುವ ಇಬ್ಬರು ತಾಯಂದಿರು ಅರ್ಧಕ್ಕೇ ಎದ್ದು ಹೋದರು. ಎಲ್ಲರನ್ನೂ ಒಳಗೊಳ್ಳುವ ಬಗ್ಗೆ ಕಲಿಸುವವರು ಇದನ್ನು ಮೊದಲೇ ಯೋಚಿಸಬೇಕು. ಇನ್ನೊಂದು, ಮೂರು ತಿಂಗಳಿಗೆ ಫೋನ್ ಮಾಡಿ ವಿಚಾರಿಸುತ್ತೇವೆ ಅಂದಿದ್ದರು. ಆರು ವಾರಕ್ಕೆ ಒಂದು ಮೆಸೇಜ್ ಬಂತು, ಮುಂದೆ ಸುದ್ದಿಯಿಲ್ಲ.

ನಾನು ಬರೆದುಕೊಟ್ಟಿದ್ದು ಎರಡು ಸಾಲು. ಸಂಜೆ ನಾಲ್ಕೂವರೆಗೆ ಇರುತ್ತಿದ್ದ ಡಿಪಾರ್ಟ್‌ಮೆಂಟ್ ಸಭೆ ಮಧ್ಯಾಹ್ನ ಹನ್ನೆರಡಕ್ಕೆ ತರೋದು, ಕೆಲಸ ಹಂಚುವಾಗ ಎಲ್ಲರಿಗಿಂತ ಜೂನಿಯರ್ ಯಾರೋ ಅವರ ಮಾತು ಮೊದಲು ಕೇಳೋದು. ನಮ್ಮ ಡಿಪಾರ್ಟ್‌ಮೆಂಟ್ ಮುಖ್ಯಸ್ಥರು, ಎಚ್‌ಓಡಿ ಸರ್, ಮೊದಲು ಒಪ್ಪಲಿಲ್ಲ. ಬಣ್ಣ ಹಾಕಿದ ಪುಟಗಳನ್ನು ಮುಂದಿಟ್ಟೆ, ನನ್ನ ಒಂಬತ್ತು ಸಹಿ ಮೊದಲು ತೋರಿಸಿದೆ. ತುಂಬಾ ಹೊತ್ತು ನೋಡಿದರು, ಒಂದು ತಿಂಗಳು ಮಾಡಿ ನೋಡೋಣ ಅಂದರು. ಈಗ ನಾಲ್ಕನೇ ತಿಂಗಳು. ಎರಡನೇ ಸಭೆಯಲ್ಲಿ ಆ ಟ್ಯೂಟರ್ ಮೊದಲ ಸಲ ಬಾಯಿ ಬಿಟ್ಟರು. ಹಾಜರಾತಿ ಪುಸ್ತಕ ಈ ಟರ್ಮ್ ನನಗೆ ಬೇಡ ಮೇಡಂ, ಥೀಸಿಸ್ ಡೇಟಾ ಬಾಕಿ ಇದೆ ಅಂದರು. ಅದನ್ನು ನಾನೇ ತೆಗೆದುಕೊಂಡಿದ್ದೇನೆ. ಪ್ರತಿ ಶನಿವಾರ ನಲವತ್ತು ನಿಮಿಷ ಹಿಡಿಯುತ್ತದೆ, ಇಷ್ಟು ವರ್ಷ ಅದು ಗೊತ್ತೇ ಇರಲಿಲ್ಲ.

ಮುಂದಿನ ಬ್ಯಾಚಿಗೆ ಹೋಗುವವರು ರಿಜಿಸ್ಟರ್ ಪುಟ ಮರೆಯಬೇಡಿ, ಕನ್ನಡದಲ್ಲಿ ಮಾತಾಡಲು ಸಂಕೋಚ ಬೇಡ. ಆದಷ್ಟು ನಿಮ್ಮ ಎಚ್‌ಓಡಿಯವರನ್ನೂ ಹೊರಡಿಸಿಕೊಂಡು ಹೋಗಿ. ನಮ್ಮ ಬ್ಯಾಚಿನ 34 ಜನರಲ್ಲಿ ಎಚ್‌ಓಡಿಗಳು ಇಬ್ಬರೇ ಇದ್ದರು, ಇಬ್ಬರೂ ಎರಡನೇ ದಿನ ಊಟ ಮುಗಿಸಿ ಹೊರಟುಬಿಟ್ಟರು.