‘ಮೊದಲ ಮುದ್ರಣ’ ಎಂದು ನಂಬಿ ಕೊಂಡ ಜುಗಾರಿ ಕ್ರಾಸ್: ಹಣ ಕಳುಹಿಸುವ ಮುನ್ನ ಓದಿ

ಪೂರ್ಣಚಂದ್ರ ತೇಜಸ್ವಿಯವರ ‘ಜುಗಾರಿ ಕ್ರಾಸ್’ ಕಾದಂಬರಿಯ 1994ರ ಮೊದಲ ಮುದ್ರಣ ತಮ್ಮಲ್ಲಿದೆ ಎಂದ, ಮೊಬೈಲಿನಲ್ಲೇ ವ್ಯಾಪಾರ ನಡೆಸುವ ಹಳೆಯ ಪುಸ್ತಕದವರೊಬ್ಬರಿಗೆ 1,200 ರೂಪಾಯಿ ಕಳುಹಿಸಿ, ನಾನು ಜೆರಾಕ್ಸ್ ಹಾಳೆಗಳ ಒಂದು ಕಟ್ಟನ್ನು ಪಡೆದಿದ್ದೇನೆ. ಅದೂ ಪೂರ್ತಿಯಿಲ್ಲ. ಕೊನೆಯ ಹದಿನಾರು ಪುಟಗಳೇ ಇಲ್ಲ. ಇಂತಹ ರೋಚಕ ಕಾದಂಬರಿಯಲ್ಲಿ ಕೊನೆಯ ಹದಿನಾರು ಪುಟಗಳಿಲ್ಲ ಎಂದರೆ ಏನೆಂಬುದನ್ನು ಓದುವವರಿಗೆ ಬಿಡಿಸಿ ಹೇಳಬೇಕಿಲ್ಲ.

ನಾಚಿಕೆಯ ಸಂಗತಿಯನ್ನೂ ಒಪ್ಪಿಕೊಂಡುಬಿಡುತ್ತೇನೆ. ಈ ಪುಸ್ತಕ ಅಪರೂಪದ್ದೇನೂ ಅಲ್ಲ. ಮರುಮುದ್ರಣಗಳಾಗುತ್ತಲೇ ಇವೆ, ಕನ್ನಡ ಪುಸ್ತಕದಂಗಡಿಗಳಲ್ಲಿ ಸಿಗುತ್ತದೆ. ‘ಕರ್ವಾಲೊ’, ‘ಚಿದಂಬರ ರಹಸ್ಯ’ ಎರಡನ್ನೂ ಹಲವು ಸಲ ಓದಿದ್ದ ನನಗೆ ಇದೊಂದು ಹೇಗೋ ಉಳಿದುಹೋಗಿತ್ತು, ಓದುವುದಾದರೆ ಮೊದಲ ಮುದ್ರಣದಲ್ಲೇ ಓದಬೇಕೆಂಬ ಹುಚ್ಚು ಹಿಡಿದಿತ್ತು. ಅವರು ಎರಡೇ ಚಿತ್ರ ಕಳುಹಿಸಿದರು: ಮುಖಪುಟ ಮತ್ತು ಮುದ್ರಣದ ವಿವರಗಳಿರುವ ಪುಟ. ಮೂರನೆಯ ಚಿತ್ರ ಕೇಳಬೇಕೆಂದು ನನಗೆ ಹೊಳೆಯಲೇ ಇಲ್ಲ. “ಇನ್ನೂ ಇಬ್ಬರು ಕೇಳ್ತಿದಾರೆ ಸಾರ್, ನೀವು ನಿಜವಾದ ಓದುಗರು ಅಂತ ನಿಮಗೆ ಎತ್ತಿಟ್ಟಿದೀನಿ” ಎಂದರು. ಆ ಒಂದು ಮಾತಿಗೆ ಕರಗಿ, ಕೈಯಲ್ಲಿದ್ದ ಕಾಫಿ ಆರುವ ಮೊದಲೇ ಹಣ ಹಾಕಿದೆ.

ಶನಿವಾರ ಪುಸ್ತಕ ಬಂತು. ಮುಖಪುಟ ಬಣ್ಣದ್ದಾಗಿತ್ತು, ಹಾಳೆ ತುಸು ಹಳದಿಯಾಗಿತ್ತು, ಅಕ್ಷರಗಳ ಒತ್ತುಗಳು ಅಲ್ಲಲ್ಲಿ ಮಸಿ ಕಟ್ಟಿದ್ದವು. ಹಳೆಯ ಮುದ್ರಣ ಹೀಗೇ ಇರುತ್ತದೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡು ರಾತ್ರಿ ಓದಲು ಕುಳಿತೆ. ಏಲಕ್ಕಿ ಬೆಳೆಯುವ ಸುರೇಶ, ಗೌರಿ ಎಂಬ ಸಾಮಾನ್ಯ ದಂಪತಿ, ಸುತ್ತ ಪಶ್ಚಿಮ ಘಟ್ಟದ ಕಾಡು, ಆ ಕಾಡನ್ನೇ ದೋಚುವವರ ಜಾಲ, ಅದರ ನಡುವೆ ಹಳೆಯ ಕಾವ್ಯವೊಂದರ ಎರಡರ್ಥದ ಸಾಲುಗಳು. ಇವರಿಬ್ಬರಿಗೆ ತಾವು ಯಾವುದರೊಳಗೆ ಸಿಕ್ಕಿಕೊಳ್ಳುತ್ತಿದ್ದೇವೆಂಬುದೇ ಗೊತ್ತಿಲ್ಲವಲ್ಲ ಎಂಬ ಆತಂಕದಲ್ಲಿ ನಾನು ಎದ್ದು ನೀರು ಕುಡಿಯುವುದನ್ನೂ ಮರೆತಿದ್ದೆ.

ನಡುವೆ ಒಂದು ಪುಟದಲ್ಲಿ ಲೋಟ ಇಟ್ಟ ದುಂಡನೆಯ ಕಲೆಯಿತ್ತು. ಹೆಬ್ಬೆರಳು ಒದ್ದೆ ಮಾಡಿ ಮೆಲ್ಲಗೆ ಒರೆಸಿದೆ. ಹೋಗಲಿಲ್ಲ. ಹಾಳೆ ತಿರುಗಿಸಿದರೆ ಹಿಂಬದಿಯಲ್ಲಿ ಕಲೆಯ ಸುಳಿವೇ ಇರಲಿಲ್ಲ. ಕಲೆಯೂ ಅಚ್ಚಾಗಿತ್ತು! ಮೊದಲ ಪುಟಕ್ಕೆ ಓಡಿ ನೋಡಿದರೆ, ಯಾರೋ ಬಾಲ್‌ಪೆನ್ನಿನಲ್ಲಿ ಹಾಕಿದ್ದ ಸಹಿಯ ಹಿಂಬದಿಯಲ್ಲಿ ಬೆರಳಿಗೆ ಒಂದಿಷ್ಟೂ ಉಬ್ಬು ತಾಗಲಿಲ್ಲ.

ಆದರೂ ಓದು ನಿಲ್ಲಿಸಲಾಗಲಿಲ್ಲ, ಕಾದಂಬರಿ ಬಿಡಲಿಲ್ಲ. ಕಥೆ ತುದಿಗೆ ಬಂದಾಗ ಪುಟ ತಿರುಗಿಸಿದರೆ, ಆಗಷ್ಟೇ ಓದಿ ಮುಗಿಸಿದ್ದ ಹದಿನಾರು ಪುಟಗಳೇ ಮತ್ತೊಮ್ಮೆ. ಎರಡರ್ಥದ ಕಾವ್ಯವಿರುವ ಕಾದಂಬರಿಯಲ್ಲವೇ, ಇದೂ ತೇಜಸ್ವಿಯವರದೇ ಒಂದು ಆಟವಿರಬಹುದು ಎಂದುಕೊಂಡು, ಎಲ್ಲಿ ಏನು ಬದಲಾಗಿದೆಯೆಂದು ಹುಡುಕುತ್ತ ನಾಲ್ಕು ಪುಟ ಮತ್ತೆ ಓದಿದೆ. ಮೋಸಹೋದದ್ದಕ್ಕಿಂತ ಆ ನಾಲ್ಕು ಪುಟಗಳ ನೆನಪೇ ನನ್ನನ್ನು ಈಗಲೂ ಸುಡುತ್ತಿದೆ. ಬೈಂಡ್ ಮಾಡುವಾಗ ಕೊನೆಯ ಫಾರಂ (ಹದಿನಾರು ಪುಟಗಳ ಕಟ್ಟು) ಬಿಟ್ಟು, ಅದರ ಹಿಂದಿನದನ್ನೇ ಎರಡು ಸಲ ಸೇರಿಸಿದ್ದರು, ಅಷ್ಟೇ.

ಬೆಳಿಗ್ಗೆ ಬರೆದು ಕೇಳಿದೆ. “ಹಳೇ ಪುಸ್ತಕ ಅಂದ್ಮೇಲೆ ಹಾಗೇ ಸಾರ್” ಎಂಬ ಉತ್ತರ ಬಂತು. ಇದು ಜೆರಾಕ್ಸ್ ಎಂದೆ. “ಮೊದಲ ಮುದ್ರಣದ್ದೇ ಜೆರಾಕ್ಸ್ ಸಾರ್, ನಾನೇನು ಸುಳ್ಳು ಹೇಳಿಲ್ಲ” ಎಂದರು. ಮೊದಲ ಮುದ್ರಣದ್ದೇ ಜೆರಾಕ್ಸ್! ಕೊನೆಯ ಹದಿನಾರು ಪುಟಗಳೆಲ್ಲಿ ಎಂದು ಕೇಳಿದ್ದಕ್ಕೆ, “ಕಥೆ ತಾನೇ ಬೇಕಾಗಿರೋದು? ನಾನೇ ಹೇಳಿಬಿಡ್ತೀನಿ ಬಿಡಿ” ಎಂದು ಎರಡು ನಿಮಿಷದ ಧ್ವನಿ ಸಂದೇಶ ಕಳುಹಿಸಿದರು. ಹಣ ವಾಪಸ್ ಕೊಡಿ ಎಂದ ಮೇಲೆ ನನ್ನ ಸಂಖ್ಯೆಯನ್ನು ಬ್ಲಾಕ್ ಮಾಡಿದರು.

ಹಳೆಯ ಪುಸ್ತಕ ಕೊಳ್ಳುವುದಾದರೆ ನಡುವಿನ ಪುಟ, ಕೊನೆಯ ಪುಟ ಮತ್ತು ಬೆನ್ನಿನ ಹೊಲಿಗೆಯ ಚಿತ್ರಗಳನ್ನು ಕೇಳಿ, ಹೊಗಳುವವರಿಂದ ಕೊಳ್ಳಲೇಬೇಡಿ. ಲೇಖಕರು ತೀರಿಕೊಂಡಿದ್ದಾರೆ, ಯಾರು ಬೇಕಾದರೂ ಅಚ್ಚು ಹಾಕಬಹುದು ಎಂದು ವಾದಿಸುವವರೂ ಇದ್ದಾರೆ. ತೇಜಸ್ವಿಯವರು ತೀರಿಕೊಂಡದ್ದು 2007ರಲ್ಲಿ. ನಮ್ಮ ಕಾನೂನಿನಂತೆ ಹಕ್ಕುಸ್ವಾಮ್ಯ ಅಲ್ಲಿಂದ ಅರವತ್ತು ವರ್ಷ, ಅಂದರೆ 2067ರ ಕೊನೆಯವರೆಗೂ ಇರುತ್ತದೆ.

ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ ದೂರು ಕೊಟ್ಟಿದ್ದೇನೆ. ಅಂಗಡಿಯಿಂದ ಹೊಸ ಪ್ರತಿಯನ್ನೂ ತಂದಿದ್ದೇನೆ, ಇನ್ನೂ ತೆರೆದಿಲ್ಲ. ಸಾಕ್ಷಿಗೆ ಬೇಕಾದೀತೆಂದು ಆ ಧ್ವನಿ ಸಂದೇಶವನ್ನು ಉಳಿಸಿಕೊಳ್ಳಲು ಹೋದಾಗ ಕೈತಪ್ಪಿ ಒತ್ತಿದೆ, “ಕೊನೆಗೆ ಆ ಗೌರಿ ಇದಾಳಲ್ಲ ಸಾರ್...” ಎಂಬಲ್ಲಿಗೆ ನಿಲ್ಲಿಸಿದೆ.