ಥರ್ಡ್ ಪಾರ್ಟಿಯೋ, ಪ್ಯಾಕೇಜೋ: ಗಾಯವಾದರೆ ಪರಿಹಾರ ಯಾರು ಕೊಡಬೇಕು?

ಕಾರು ವಿಮೆಯಲ್ಲಿ ಮುಖ್ಯವಾಗಿ ಎರಡು ಪಾಲಿಸಿ: ಹೊರಗಿನವರಿಗಾದ ಹಾನಿಗಷ್ಟೇ ಇರುವ ಥರ್ಡ್ ಪಾರ್ಟಿ, ಅದರ ಜೊತೆ ನಿಮ್ಮ ಕಾರಿನ ಹಾನಿಯನ್ನೂ ಭರಿಸುವ ಪ್ಯಾಕೇಜ್. ಸಂಪಾಜೆ ಘಾಟಿಯ ತಿರುವಿನಲ್ಲಿ ನಿಮ್ಮ ಕಾರು ದಾರಿಹೋಕರಿಗೆ ಗುದ್ದಿದರೆ ಎರಡೂ ಪಾಲಿಸಿ ಸಮ. ಗಾಯಕ್ಕಾಗಲಿ ಸಾವಿಗಾಗಲಿ ಪರಿಹಾರಕ್ಕೆ ಮಿತಿಯಿಲ್ಲ, ಮೊತ್ತವನ್ನು ನ್ಯಾಯಮಂಡಳಿ ತೀರ್ಮಾನಿಸುತ್ತದೆ.

ವ್ಯತ್ಯಾಸವಿರುವುದು ಕಾರಿನೊಳಗೆ. ಮಳೆಗೆ ಜಾರಿ ಕಾರು ಚರಂಡಿಗಿಳಿದು ಹಿಂದೆ ಕೂತ ಅತ್ತೆಯ ಕಾಲು ಮುರಿಯಿತು ಎನ್ನಿ. ಖಾಸಗಿ ಕಾರಿಗೆ ಬರೀ ಥರ್ಡ್ ಪಾರ್ಟಿ ಇದ್ದರೆ ವಿಮಾ ಕಂಪನಿ ಸಾಮಾನ್ಯವಾಗಿ ಹೊಣೆಯಲ್ಲ. ಚಾಲಕರ ತಪ್ಪಿದ್ದರೆ ಮಾಲೀಕರೇ ಕೈಯಿಂದ ಕಟ್ಟಬೇಕು. ಪ್ಯಾಕೇಜ್‌ನಲ್ಲಿ ಆ ಹೊಣೆ ಕಂಪನಿಯದು. ಮನೆಮಂದಿಯನ್ನು ಕೂರಿಸಿಕೊಂಡು ಓಡಾಡುವವರು, ಕಾರು ಹಳೆಯದಾದರೂ ಸರಿ, ಪ್ಯಾಕೇಜನ್ನೇ ತೆಗೆದುಕೊಳ್ಳಿ.

ಸ್ಟೇರಿಂಗ್ ಹಿಡಿದ ಮಾಲೀಕರ ಗಾಯಕ್ಕೆ ಮಾತ್ರ ಬೇರೆ ಲೆಕ್ಕ. ಪಾಲಿಸಿಯಲ್ಲಿ ‘ಪಿಎ ಓನರ್-ಡ್ರೈವರ್’ (ಕಾರು ಓಡಿಸುವ ಮಾಲೀಕರ ವೈಯಕ್ತಿಕ ಅಪಘಾತ ವಿಮೆ) ಸಾಲಿನ ಮುಂದೆ 15 ಲಕ್ಷ ಇದೆಯೇ ನೋಡಿ. ಅದು ಸಾವು ಮತ್ತು ಶಾಶ್ವತ ಅಂಗವೈಕಲ್ಯಕ್ಕೆ, ಆಸ್ಪತ್ರೆ ಬಿಲ್ಲಿಗಲ್ಲ.